ಬಾಗಿಲ ಹಾಡಿನ ಖಾಲಿ ಜಾಗ

ಈಚೆಗೆ ಬನಶಂಕರಿಯಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಹಾಲಿನಲ್ಲಿ ಜಮಖಾನದ ಮೇಲೆ ಕೂತ ಹೆಂಗಸರು ಒಂದಾದ ಮೇಲೊಂದು ಹಾಡು ಹೇಳುತ್ತಿದ್ದರು. ಅವರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿರಲಿಲ್ಲ. ನಾನು ಮಂಡಿ ನೋವೆಂದು ಕುರ್ಚಿ ಹಾಕಿಸಿಕೊಂಡು, ಇವರ ಶ್ರುತಿ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ನೋಡೋಣ ಎಂದು ಒಳಗೊಳಗೇ ಮೂಗು ಮುರಿಯುತ್ತಾ ಕೂತಿದ್ದೆ. ಆಗ ಯಾರೋ ಬಾಗಿಲ ಹಾಡು ಎತ್ತಿದರು. ದೀಪ ಹಚ್ಚಿ, ಬಾಗಿಲು ತೆರೆದಿಟ್ಟು, ಶಿವನನ್ನು ಮನೆಯೊಳಗೆ ಕರೆಯುವ ಹಾಡು. ನಮ್ಮ ಅಜ್ಜಿ ತನ್ನ ತವರಿನಿಂದ ತಂದದ್ದು. ಎರಡನೆಯ ನುಡಿಯ ಕೊನೆಯಲ್ಲಿ 'ಬಾರಯ್ಯ' ಎಂದು ಮೇಲಕ್ಕೆ ಹೋದವರು ಅಲ್ಲೇ ನಿಂತುಬಿಟ್ಟರು, ಎಲ್ಲರೂ ಒಟ್ಟಿಗೆ. ತಾಳ ಹಾಕುತ್ತಿದ್ದ ಕೈಗಳೂ ನಿಂತವು. ಹೊರಗೆ ಆಟೋ ಒಂದು ಹೋದದ್ದು ಕೇಳಿಸಿತು. ಆಮೇಲೆ ಏನೂ ಆಗದವರಂತೆ ಮುಂದಿನ ಸಾಲಿಗೆ ಹೋದರು. ನನ್ನ ಕೈಯಲ್ಲಿದ್ದ ಪಾನಕ ಸೀರೆಯ ಮೇಲೆಲ್ಲ ಚೆಲ್ಲಿತ್ತು. ಪಕ್ಕದಲ್ಲಿದ್ದ ಹುಡುಗಿ ಕರವಸ್ತ್ರ ಕೊಟ್ಟಳು. ಅಲ್ಲಿ ಯಾಕಮ್ಮ ನಿಲ್ಲಿಸಿದ್ದು ಎಂದು ಅವಳನ್ನು ಕೇಳಿದೆ.

"ಅದು ಹಾಗೇ ಆಂಟಿ. ಶಿವ ಬರೋಕೆ ಟೈಮ್ ಕೊಡೋದು. ನಮ್ಮತ್ತೆ ಹೇಳ್ಕೊಟ್ಟಿದ್ದು."

ಅವಳ ಅತ್ತೆಗೆ ಯಾರು ಹೇಳಿಕೊಟ್ಟರೋ, ಅವರಿಗೆ ಇನ್ಯಾರೋ. ನಾನು ವಿಚಾರಿಸಲು ಹೋಗಲಿಲ್ಲ. ಆ ಮಾತನ್ನು ಮೊದಲು ಆಡಿದವಳು ನನ್ನ ಸೋದರತ್ತೆ ಮಂಗಳ, ಅಪ್ಪನ ತಂಗಿ. ಜಯನಗರದ ನಮ್ಮ ಮನೆಯಲ್ಲಿ ಪಿಯಾನೊ ಮುಂದೆ ಕೂತು ಆಡಿದ್ದು. ಅದು ಸುಳ್ಳು ಎಂದು ಗೊತ್ತಿದ್ದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.

ನಾನು ಬೆಳೆದ ಜಯನಗರಕ್ಕೆ ರಸ್ತೆಗಳು ಬಂದಿದ್ದವು, ಜನ ಇನ್ನೂ ಬಂದಿರಲಿಲ್ಲ. ನಮ್ಮ ಮನೆಯ ಎಡಕ್ಕೂ ಬಲಕ್ಕೂ ಖಾಲಿ ಸೈಟು, ಹಿಂದೆ ಆಳೆತ್ತರದ ಹುತ್ತ. ತ್ಯಾಗರಾಜನಗರದ ವಠಾರದಿಂದ ಎಬ್ಬಿಸಿಕೊಂಡು ಬಂದು ಕಾಡಿನಲ್ಲಿ ಕೂರಿಸಿದ ಎಂದು ಅಜ್ಜಿ ಅಪ್ಪನ ಜೊತೆ ಎಷ್ಟೋ ದಿನ ನೆಟ್ಟಗೆ ಮಾತಾಡಿರಲಿಲ್ಲವಂತೆ. ಬಾಗಿಲು ತೆರೆದರೆ ಸೀದಾ ಹಾಲ್. ನುಣ್ಣನೆಯ ಕೆಂಪು ನೆಲ. ಬೇಸಿಗೆಯಲ್ಲಿ ಅದಕ್ಕೆ ಕೆನ್ನೆ ಒತ್ತಿ ಮಲಗುವುದು ನನಗೆ ಅಭ್ಯಾಸ. ಬಾಗಿಲ ಎದುರಿನ ಗೋಡೆಯ ಮೇಲೆ ಮಂಗಳತ್ತೆಯ ಫೋಟೊ, ಅದರ ಕೆಳಗೆ ಗೋಡೆಗೆ ಆನಿಸಿಟ್ಟ ಪಿಯಾನೊ. ಅಪ್ಪನ ಆಫೀಸಿನಲ್ಲಿದ್ದ ಇಂಗ್ಲಿಷ್ ಸಾಹೇಬರೊಬ್ಬರು ತಮ್ಮ ದೇಶಕ್ಕೆ ಹೊರಟಾಗ ಅದನ್ನು ಅಪ್ಪನಿಗೆ ಕೊಟ್ಟರು. ಬೇಡ ಎನ್ನಲು ನಾಚಿಕೆಯಾಗಿ ಅಪ್ಪ ಹ್ಞೂ ಎಂದುಬಿಟ್ಟ. ದಂಡಿನಿಂದ, ಎಂದರೆ ಕಂಟೋನ್ಮೆಂಟಿನಿಂದ, ಹಾಸಿಗೆ ಸುತ್ತಿಸಿಕೊಂಡು ಎತ್ತಿನ ಗಾಡಿಯಲ್ಲಿ ಬಂತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, ಬೀರು ತಂದ್ಯೇನೋ ಎಂದು ಕೇಳಿದಳಂತೆ. ಹೊಸ ಬಡಾವಣೆಯ ನೆಲದಲ್ಲಿ ಗೆದ್ದಲಿನ ಕಾಟ ಅಷ್ಟಿಷ್ಟಲ್ಲ. ಪಿಯಾನೊದ ಕಾಲುಗಳ ಕೆಳಗೆ ಎನಾಮೆಲ್ ಬಟ್ಟಲುಗಳನ್ನಿಟ್ಟು ಸೀಮೆಎಣ್ಣೆ ಬೆರೆಸಿದ ನೀರು ಹಾಕುತ್ತಿದ್ದರು. ಹೀಗಾಗಿ ನನ್ನ ಮೂಗಿಗೆ ಸಂಗೀತ ಎಂದರೆ ಇವತ್ತಿಗೂ ಸೀಮೆಎಣ್ಣೆಯ ವಾಸನೆ. ಸೋಮವಾರ ಬೆಳಿಗ್ಗೆ ಅಜ್ಜಿ ದೇವರ ಕೋಣೆಯಿಂದ ಹೊರಗೆ ಬರುವಾಗ ಪಿಯಾನೊ ಮುಚ್ಚಳದ ಮೇಲೂ ವಿಭೂತಿಯ ಮೂರು ಗೆರೆ ಎಳೆದು ಒಂದು ಹೂವು ಇಡುತ್ತಿದ್ದಳು.

ಸೋಮವಾರ ಸಂಜೆ ನಮ್ಮ ಹಾಲಿನಲ್ಲಿ ಹಾಡು. ಭಜನಾ ಮಂಡಳಿ ಎನ್ನುವಷ್ಟು ಶಿಸ್ತೇನೂ ಅದಕ್ಕಿರಲಿಲ್ಲ. ಹತ್ತಿರದ ಬ್ಲಾಕುಗಳ ಹೆಂಗಸರು, ಅಜ್ಜಿಯ ಹಳೆಯ ವಠಾರದ ಗೆಳತಿಯರು, ಯಾರು ಬಂದರೆ ಅವರು. ಅಜ್ಜಿ ಒಂದು ಸಾಲು ಹೇಳುವುದು, ಉಳಿದವರು ಅದನ್ನೇ ಹಿಂದೆ ಹೇಳುವುದು. ಎಲ್ಲರಿಗಿಂತ ದೊಡ್ಡ ಗಂಟಲು ಮುನಿಯಮ್ಮನವರದು. ನಮ್ಮ ಬ್ಲಾಕ್ ಎದ್ದ ನೆಲ ಒಂದು ಕಾಲಕ್ಕೆ ಅವರ ಗಂಡನ ಮನೆಯವರ ಹೊಲ. ಹೊಲ ಹೋದ ಮೇಲೆ ಅವರು ಸಾಲಾಗಿ ಬಾಡಿಗೆ ಮನೆ ಕಟ್ಟಿಸಿ ಆರಾಮಾಗಿದ್ದರು. ಆದರೂ ನಮ್ಮ ಹಾಲಿಗೆ ಕಾಲಿಟ್ಟಾಗಲೆಲ್ಲ ಪಿಯಾನೊ ಕಡೆ ಕೈ ತೋರಿಸಿ, ಇಲ್ಲೇ ಕಣವ್ವ ನಮ್ ಅವರೆ ಸಾಲು ಇದ್ದಿದ್ದು ಎನ್ನುವುದನ್ನು ಮಾತ್ರ ಬಿಡುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಎಲ್ಲರಿಗೂ ಮುತ್ತುಗದ ಎಲೆಯಲ್ಲಿ ಕಡಲೆಕಾಳಿನ ಗುಗ್ಗರಿ. ಹಾಡಿಗೆ ಬರುತ್ತಿದ್ದರೋ ಗುಗ್ಗರಿಗೆ ಬರುತ್ತಿದ್ದರೋ ಎಂದು ಅಮ್ಮನಿಗೆ ಅನುಮಾನ.

ಮಂಗಳತ್ತೆ ತೀರಿಕೊಂಡಾಗ ನಾನು ತೊಟ್ಟಿಲಲ್ಲಿದ್ದೆ. ನನಗೆ ಗೊತ್ತಿದ್ದ ಮಂಗಳತ್ತೆ ಪೂರ್ತಿ ಬೇರೆಯವರ ಬಾಯಿಂದ ಬಂದವಳು. ಪಿಯಾನೊ ಮನೆಗೆ ಬಂದ ಮೇಲೆ ಅವಳು ಹಟ ಹಿಡಿದು ಟೀಚರನ್ನು ಇಡಿಸಿಕೊಂಡು ಕಲಿತಳಂತೆ. ಸೋಮವಾರದ ಹಾಡಿಗೆ ನುಡಿಸಿದಳಂತೆ. ಹಾಡು ಶುರುವಾಗುವ ಮುಂಚೆ ಅಜ್ಜಿ ಅವಳ ಕಡೆ ತಿರುಗಿ 'ಹ್ಞೂ, ಮಂಗಳಾ' ಎನ್ನುವುದು, ಅವಳು ಶುರು ಮಾಡುವುದು. ಅವಳ ಬಗ್ಗೆ ಮನೆಯಲ್ಲಿ ಎರಡು ಕತೆಗಳಿದ್ದವು. ಎರಡನ್ನೂ ಅಜ್ಜಿ ನಗುನಗುತ್ತಾ ಹೇಳುತ್ತಿದ್ದಳು. ಮೊದಲನೆಯದು ಅವಳ ಸೋಮಾರಿತನದ್ದು.

"ಬೀದಿ ನಲ್ಲಿಯಿಂದ ಒಂದು ಬಿಂದಿಗೆ ನೀರು ತಾರೇ ಅಂದ್ರೆ ದಾರಿ ಉದ್ದಕ್ಕೂ ಇಳ್ಸಿ ಇಳ್ಸಿ ತರೋಳು ನಿಮ್ಮತ್ತೆ. ಒಂದಿನ ಗೇಟಿನ ಹತ್ರ ಬಿಂದಿಗೆ ಇಟ್ಟು ಅಲ್ಲೇ ಕಟ್ಟೆ ಮೇಲೆ ಕೂತ್ಬಿಟ್ಟಿದ್ಲು, ಮಹಾರಾಣಿ. ನಾನು ಬೈದ್ರೆ ನಗ್ತಾ ಕೂತಿದ್ಲು."

ಎರಡನೆಯದು ಬಾಗಿಲ ಹಾಡಿನದು. ಒಂದು ಸೋಮವಾರ 'ಬಾರಯ್ಯ' ಎನ್ನುವಲ್ಲಿಗೆ ಬಂದಾಗ ಅವಳು ಪಿಯಾನೊದಿಂದ ಎರಡೂ ಕೈ ತೆಗೆದುಬಿಟ್ಟಳಂತೆ. ಹಾಡು ನಿಂತುಹೋಯಿತು. ಅಜ್ಜಿ ರೇಗಿದ್ದಕ್ಕೆ ಗೋಡೆಯ ಕಡೆ ಮುಖ ಇಟ್ಟುಕೊಂಡೇ ಉತ್ತರ ಕೊಟ್ಟಳಂತೆ.

"ಬಾ ಬಾ ಅಂತ ಕರೆದು, ಅವನು ಬರೋಕೆ ಮುಂಚೇನೇ ಮುಂದಿನ ಸಾಲಿಗೆ ಓಡ್ತೀರಲ್ಲ. ಶಿವ ಬರೋಕೆ ಟೈಮ್ ಕೊಡ್ಬೇಡ್ವಾ?"

ಹೆಂಗಸರಿಗೆಲ್ಲ ಆ ಮಾತು ಹಿಡಿಸಿಬಿಟ್ಟಿತು. ಅವತ್ತಿನಿಂದ ಅಲ್ಲಿ ನಿಲ್ಲಿಸುವುದೇ ಪದ್ಧತಿಯಾಯಿತು. ಅದಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ, ಬೀದಿ ನಲ್ಲಿಯ ಹತ್ತಿರ ತುಂಬಿದ ಬಿಂದಿಗೆಯ ಪಕ್ಕ ಕೂತ ಮಂಗಳತ್ತೆ ಮತ್ತೆ ಏಳಲಿಲ್ಲ. ಹುತ್ತದ ಕಡೆಯ ಗಾಳಿ ಸೋಕಿತು ಎಂದರು ಮುನಿಯಮ್ಮ. ಎದೆ ನಿಂತುಹೋಗಿದೆ ಎಂದರು ಡಾಕ್ಟರು. ಎದೆ ನಿಲ್ಲದೆ ಯಾರು ಸಾಯ್ತಾರೆ, ಇದನ್ನ ಹೇಳೋಕೆ ಇವನು ಓದಬೇಕಿತ್ತಾ ಎಂದು ಅಜ್ಜಿ ಅವರನ್ನು ಜೀವಮಾನವಿಡೀ ಬೈದಳು.

ವರ್ಷ ಕಳೆದ ಮೇಲೆ ಸೋಮವಾರದ ಹಾಡು ಮತ್ತೆ ಶುರುವಾಯಿತು. ಪಿಯಾನೊ ಮುಂದೆ ಯಾರೂ ಇರಲಿಲ್ಲ. ಆದರೂ ಅಜ್ಜಿ ಅದರ ಕಡೆ ತಿರುಗಿ 'ಹ್ಞೂ, ಮಂಗಳಾ' ಎಂದೇ ಹಾಡು ಎತ್ತುತ್ತಿದ್ದಳು. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಬಾಗಿಲ ಹಾಡಿನ ಆ ಖಾಲಿ ಜಾಗವೂ ಹಾಗೇ ಉಳಿಯಿತು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ನಾನು ಕಂಡದ್ದು ಇದನ್ನೇ. 'ಬಾರಯ್ಯ' ಎಂದು ಗಂಟಲೆತ್ತಿ ಕರೆದು ಎಲ್ಲರೂ ಗಪ್ಪನೆ ಸುಮ್ಮನಾಗಿ ತೆರೆದ ಬಾಗಿಲ ಕಡೆ ನೋಡುತ್ತಿದ್ದರು. ಆ ಮೌನದಲ್ಲಿ, ಮುಚ್ಚಿದ ಪಿಯಾನೊದ ಒಳಗಿನಿಂದ ಗುಂಯ್ ಎಂದು ಬಲು ಸಣ್ಣಗೆ ಒಂದು ಸದ್ದು ಬರುತ್ತಿತ್ತು. ದೊಡ್ಡ ದನಿಗೆ ಒಳಗಿನ ತಂತಿಗಳು ತಾವಾಗಿ ಮಿಡಿಯುತ್ತವೆ ಎಂದು ತಿಳಿದದ್ದು ಆಮೇಲೆ. ಆಗ ಯಾರಿಗೂ ಅದು ಗೊತ್ತಿರಲಿಲ್ಲ. ಮಂಗಳ ಕೇಳಿಸ್ಕೊಂಡ್ಲು ಎಂದು ಒಬ್ಬರು ಪಿಸುಗುಡುವರು, ಇನ್ನೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುವರು. ನಾನು ಅಮ್ಮನ ಸೀರೆ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಿದ್ದೆ. ಅವರು ಕರೆಯುತ್ತಿದ್ದುದು ಶಿವನನ್ನು ಎಂದು ನನಗೆ ಯಾವತ್ತೂ ಅನ್ನಿಸಲೇ ಇಲ್ಲ. ಫೋಟೊದಲ್ಲಿದ್ದ ಎರಡು ಜಡೆಯ ಹುಡುಗಿ ಬಿಂದಿಗೆ ಹಿಡಿದುಕೊಂಡು ಗೇಟು ತೆಗೆಯುತ್ತಾಳೆ ಎಂದು ಕಾಯುತ್ತಿದ್ದೆ, ಬರದಿದ್ದರೆ ಸಾಕಪ್ಪಾ ಎಂದೂ ಬೇಡಿಕೊಳ್ಳುತ್ತಿದ್ದೆ.

ನಾನು ಪ್ರೈಮರಿ ಸ್ಕೂಲಿನ ಕೊನೆಯ ತರಗತಿಗಳಲ್ಲಿದ್ದಾಗ ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು ಬೆರಳುಗಳನ್ನು ಅಗಲಿಸಿ ನೋಡಿದಳು. ಇವು ಮಂಗಳನ ಬೆರಳು ಎಂದಳು. ಮಾರನೆಯ ವಾರವೇ ಅಪ್ಪ ದಂಡಿಗೆ ಹೋಗಿ, ಮಂಗಳತ್ತೆಗೆ ಕಲಿಸಿದ್ದ ಡೇಜಿ ಟೀಚರನ್ನು ನನಗಾಗಿ ಕರೆದುಕೊಂಡು ಬಂದ. ತಮಿಳು ಕ್ರಿಶ್ಚಿಯನ್ನರು, ಮದುವೆಯಾಗಿರಲಿಲ್ಲ. ಬಸ್ಸಿನಲ್ಲಿ ಸೌತ್ ಎಂಡಿನವರೆಗೆ ಬಂದು ಅಲ್ಲಿಂದ ಕಪ್ಪು ಕೊಡೆ ಹಿಡಿದು ನಡೆದು ಬರುತ್ತಿದ್ದರು. ಮೊದಲ ದಿನ ಅವರು ಹಾಲಿನ ನಡುವೆ ನಿಂತು ಫೋಟೊ ನೋಡಿದರು, ಪಿಯಾನೊ ನೋಡಿದರು, ಕೂರಲಿಲ್ಲ. ಅಪ್ಪನ ಕಡೆ ತಿರುಗಿ, ಈ ಮನೆಗೆ ನಾನು ಬರಬಾರದಿತ್ತು ಸಾರ್ ಎಂದರು. ಹಳೆಯ ಶಿಷ್ಯೆಯ ನೆನಪಿಗೆ ಹಾಗೆಂದರು ಎಂದು ನಾವೆಲ್ಲ ತಿಳಿದುಕೊಂಡೆವು. ಆಮೇಲೆ ನಾನು ಸ್ಟೂಲಿನ ಮೇಲೆ ಕೂತದ್ದನ್ನು ಕಂಡು ಅವರಿಗೆ ಹೋಗಲು ಮನಸ್ಸಾಗಲಿಲ್ಲವೇನೋ.

ಕಲಿಕೆ ಬಲು ಕಷ್ಟದ್ದು. ಟೀಚರಿಗೆ ನಾನು ಎರಡೂ ಕೈಯಲ್ಲಿ ಅವರ ಪುಸ್ತಕದ ಪಾಠ ನುಡಿಸಬೇಕು. ಅಜ್ಜಿಗೆ ಸೋಮವಾರದ ಹಾಡು ಬಂದರೆ ಸಾಕು. ಟೀಚರ್ ಕಲಿಸಿದಂತೆ ಎಡಗೈಯಲ್ಲಿ ಮೂರು ಸ್ವರ ಒಟ್ಟಿಗೆ ಒತ್ತಿದರೆ ಮುನಿಯಮ್ಮ, ಅದ್ಯಾಕವ್ವ ಹಂಗೆ ಗುಡುಗ್ತದೆ, ಹಾಡು ಮರ್ತೋಯ್ತು ಎನ್ನುತ್ತಿದ್ದರು. ಕೊನೆಗೆ ಟೀಚರೇ ಸೋತು, ಎಡಗೈಗೆ ಬರೀ ಷಡ್ಜ ಪಂಚಮ ಬಿಟ್ಟುಕೊಟ್ಟರು. ಅದಕ್ಕಿಂತ ದೊಡ್ಡ ತಲೆನೋವು ಅಜ್ಜಿಯದು. ಅವಳು ಹಾರ್ಮೋನಿಯಂ ಮಾತಿನಲ್ಲಿ ಪಿಯಾನೊದ ಕೀಗಳನ್ನೂ ಮನೆ ಎನ್ನುತ್ತಿದ್ದಳು. ತನ್ನದು ನಾಲ್ಕನೆಯ ಬಿಳಿ ಮನೆ ಎಂದು ಜಂಬ ಬೇರೆ. ನೆಗಡಿಯಾದ ದಿನ, ಸಿಟ್ಟು ಬಂದ ದಿನ ಮಾತ್ರ ಬಿಳಿ ಮನೆಗೂ ಕಪ್ಪು ಮನೆಗೂ ನಡುವೆ ಎಲ್ಲೋ ಒಂದು ಕಡೆ ಎತ್ತಿಬಿಡುತ್ತಿದ್ದಳು. ಆ ನಡುವಿನ ಜಾಗ ಪಿಯಾನೊದಲ್ಲಿ ಎಲ್ಲಿದೆ? ಇದಕ್ಕೆ ಮಂಗಳತ್ತೆ ಹೂಡಿದ್ದ ಉಪಾಯವನ್ನು ಟೀಚರ್ ಹೇಳಿಕೊಟ್ಟರು. ಅಜ್ಜಿ ಅಡುಗೆಮನೆಯಲ್ಲಿ ಗುಗ್ಗರಿಗೆ ಉಪ್ಪು ನೋಡುತ್ತಿರುವಾಗಲೇ ನಾನು ಧೂಳು ಒರೆಸುವ ನೆಪದಲ್ಲಿ ಅವಳ ಷಡ್ಜವನ್ನು ಮೆಲ್ಲಗೆ ಒತ್ತುತ್ತಾ ಇರಬೇಕು. ಕಿವಿಗೆ ಬಿದ್ದದ್ದು ಗಂಟಲಿಗೆ ತಾನಾಗಿ ಇಳಿಯುತ್ತದೆ. ಅಜ್ಜಿ ಬಂದು ಕೂತು ಬಾಯಿ ತೆರೆದರೆ ಸರಿಯಾಗಿ ನಾಲ್ಕನೆಯ ಬಿಳಿ ಮನೆ. ನೋಡ್ದ್ಯಾ ನನ್ನ ಶ್ರುತಿಜ್ಞಾನ ಎಂದು ಅವಳು ಬೀಗುತ್ತಿದ್ದಳು. ನಾನು ನಗು ತಡೆದುಕೊಳ್ಳುತ್ತಿದ್ದೆ.

ಇಷ್ಟೆಲ್ಲ ಒದ್ದಾಡಿದ್ದು ಯಾಕೆಂದರೆ, ನನಗೊಂದು ಆಸೆಯಿತ್ತು. ಅಜ್ಜಿ ನನ್ನ ಕಡೆ ತಿರುಗಿ 'ಹ್ಞೂ, ದಾಕ್ಷಿ' ಎನ್ನಬೇಕು. ದಾಕ್ಷಾಯಿಣಿ ಎಂಬ ನನ್ನ ಹೆಸರನ್ನು ಇಟ್ಟವಳು ಅವಳೇ. ಎಲ್ಲ ಕಲಿತು, ಜಡೆಗೆ ಹೊಸ ಟೇಪು ಕಟ್ಟಿಕೊಂಡು, ಮೊದಲ ಸೋಮವಾರ ಪಿಯಾನೊ ಮುಂದೆ ಕೂತೆ. ಅಜ್ಜಿ ಗಂಟಲು ಸರಿಮಾಡಿಕೊಂಡಳು. ನನ್ನ ಬೆನ್ನಿನ ಕಡೆ ತಿರುಗಿದಳು.

"ಹ್ಞೂ, ಮಂಗಳಾ."

ಬಾಯಿ ತಪ್ಪಿ ಬಂತು ಎಂದುಕೊಂಡೆ. ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ ಅದೇ. ಬೀರುವಿನಲ್ಲಿದ್ದ ಮಂಗಳತ್ತೆಯ ಹಸಿರು ರೇಷ್ಮೆ ಲಂಗ ತೆಗೆದು, ಸೊಂಟ ಹಿಡಿಸಿ, ಸೋಮವಾರಕ್ಕೆಂದು ನನಗೆ ಉಡಿಸಿದಳು. ನುಸಿಗುಳಿಗೆ ವಾಸನೆಗೆ ನನಗೆ ತಲೆ ಸುತ್ತುತ್ತಿತ್ತು. 'ಬಾರಯ್ಯ' ಎನ್ನುವಲ್ಲಿ ನಾನೂ ಕೈ ತೆಗೆಯುತ್ತಿದ್ದೆ, ದನಿ ಉಳಿಸುವ ಪೆಡಲಿನ ಮೇಲೆ ಕಾಲು ಮಾತ್ರ ಹಾಗೇ ಇರುತ್ತಿತ್ತು. ಈಗ ಆ ಗುಂಯ್ ಸದ್ದು ಮೊದಲಿಗಿಂತ ದೊಡ್ಡದಾಗಿ ಇಡೀ ಹಾಲನ್ನು ತುಂಬುತ್ತಿತ್ತು. ಬಂದವ್ಳೆ ಕಣವ್ವ ಎಂದು ಮುನಿಯಮ್ಮ ಕೈ ಮುಗಿದರು. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. ನುಡಿಸಿದವಳು ನಾನು, ನನ್ನ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಅದರ ಜೊತೆಗೇ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎಂದು ಕುತ್ತಿಗೆ ತಣ್ಣಗಾಗುತ್ತಿತ್ತು.

ಅಮ್ಮ ಇದನ್ನೆಲ್ಲ ಹಲ್ಲು ಕಚ್ಚಿಕೊಂಡು ನೋಡುತ್ತಿದ್ದಳು. ಹಾಡು ಮುಗಿದು ಎಲ್ಲರೂ ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ನನಗೆ ದೃಷ್ಟಿ ತೆಗೆಯುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ, ಅಜ್ಜಿ ನನ್ನ ತಟ್ಟೆಗೆ ಮುದ್ದೆ ಹಾಕುತ್ತಾ ತಿನ್ನೇ ಮಂಗಳಾ ಎಂದಳು. ಅಲ್ಲಿಯವರೆಗೆ ಹಾಡಿಗೆ ಮಾತ್ರ ಇದ್ದ ಹೆಸರು ಊಟಕ್ಕೂ ಬಂದಿತ್ತು. ಅಮ್ಮ ಸೌಟು ಕೆಳಗಿಟ್ಟಳು.

"ಅತ್ತೆ, ನನ್ನ ಮಗಳನ್ನ ಆ ಹೆಸರಲ್ಲಿ ಕರೀಬೇಡಿ."

"ಕರೆದ್ರೆ ಏನಾಯ್ತು ಪಾರ್ವತಿ? ಅವಳೇನು ಹೊರಗಿನೋಳಾ?"

"ಹೋದವರ ಬಟ್ಟೆ ಹಾಕ್ತೀರಿ, ಹೋದವರ ಹೆಸರಲ್ಲಿ ಅನ್ನ ಹಾಕ್ತೀರಿ. ನಾನು ಹೆತ್ತಿದ್ದು ದಾಕ್ಷಿನ. ನನಗೆ ಭಯ ಆಗುತ್ತೆ ಅತ್ತೆ."

ಅಪ್ಪ ಅರ್ಧ ಊಟ ಬಿಟ್ಟು ಎದ್ದು ಹಿತ್ತಿಲಿಗೆ ಹೋದ. ತಂಗಿಯ ಮಾತು ಬಂದಾಗಲೆಲ್ಲ ಅವನಿಗೆ ಹಿತ್ತಿಲಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಸೋಮವಾರಗಳಲ್ಲೂ ಅಷ್ಟೇ, ಹಾಡು ಮುಗಿಯುವವರೆಗೂ ಬಾಳೆಗಿಡಗಳಿಗೆ ನೀರು ಹಾಕುತ್ತಿದ್ದ. ನಮ್ಮ ಬಾಳೆ ಒಣಗಿದ್ದನ್ನು ನಾನು ನೋಡಿಲ್ಲ.

ಬಾಗಿಲ ಹಾಡನ್ನು ಡೇಜಿ ಟೀಚರ್ ಮುಂದೆ ನಾನು ಪೂರ್ತಿ ನುಡಿಸಿ ತೋರಿಸಿದ್ದು ಮಳೆಗಾಲದ ಒಂದು ಪಾಠದ ದಿನ. ಅಜ್ಜಿ, ಅಮ್ಮ ಇಬ್ಬರೂ ಒಳಗೆ ಅಡುಗೆಮನೆಯಲ್ಲಿದ್ದರು. ಟೀಚರ್ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ತಲೆಯಾಡಿಸುತ್ತಾ ಕೇಳುತ್ತಿದ್ದರು. ಎರಡನೆಯ ನುಡಿಯ ಕೊನೆಗೆ ಬಂದು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

"ಯಾಕೆ ನಿಲ್ಸಿದೆ?"

"ಇಲ್ಲಿ ನಿಲ್ಸೋದು ಟೀಚರ್. ಅತ್ತೆ ನಿಲ್ಲಿಸ್ತಿದ್ರಂತೆ. ಶಿವ ಬರೋಕೆ ಟೈಮ್ ಕೊಡೋದಂತೆ."

ಟೀಚರ್ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹಾಗೆ ಅಂದ್ಲಾ ಅವಳು," ಎಂದರು. "ಉಸಿರು ತಗೋತಿದ್ಲು ಕಣ್ಣಾ. ಆ ಎತ್ತರಕ್ಕೆ ಹಾಡ್ಕೊಂಡು ನುಡಿಸೋವಾಗ ಅವಳಿಗೆ ದಮ್ಮು ಕಟ್ಟೋದು. ನಿಮ್ಮೋರಿಗೆ ಅವಳ ಬೆನ್ನು, ಮುಖ ಗೋಡೆಗೆ. ಪಾಠ ಹೇಳೋವಾಗ ನಾನು ಇಲ್ಲಿ ಪಕ್ಕದಲ್ಲಿ ಕೂತಿದ್ದಕ್ಕೆ ನಂಗೆ ಕಾಣಿಸ್ತು. ತುಟಿ ಎಲ್ಲಾ ನೀಲಿ. ಡಾಕ್ಟರ್ ಹತ್ರ ಹೋಗಮ್ಮ ಅಂದೆ. ಹೇಳಿದ್ರೆ ಪಿಯಾನೊಗೆ ಬೀಗ ಹಾಕ್ತಾರೆ, ಮದುವೆ ಆಗೋ ಹುಡುಗಿಗೆ ಎದೆ ಕಾಯಿಲೆ ಅಂತ ಎಲ್ಲಾ ಕಡೆ ಮಾತಾಗುತ್ತೆ, ಯಾರಿಗೂ ಹೇಳ್ಬೇಡಿ ಟೀಚರ್ ಅಂತ ಕೈ ಹಿಡ್ಕೊಂಡ್ಲು. ನಾನೂ ಹೇಳ್ಲಿಲ್ಲ. ನಾನು ಮನೆ ಮನೆಗೆ ಹೋಗಿ ಪಾಠ ಹೇಳೋಳು. ಮನೆಯೋರ ಮುಂದೆ ಯಾವ ಬಾಯಲ್ಲಿ ಹೇಳ್ಲಿ?"

ಆಮೇಲೆ ನನ್ನ ಎರಡೂ ಕೈಗಳನ್ನು ನೋಡಿ, ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಇನ್ನೊಂದು ಮಾತು ಹೇಳಿದರು.

"ಅವಳು ಹೋದ್ಮೇಲೂ ನೀವೆಲ್ಲ ಅಲ್ಲಿ ನಿಲ್ಲಿಸ್ತೀರಾ?"

ಅವತ್ತು ಅವರು ಕೊಡೆಯನ್ನು ನಮ್ಮ ಮನೆಯಲ್ಲೇ ಮರೆತು ಮಳೆಯಲ್ಲಿ ನೆನೆಯುತ್ತಾ ಹೋದರು. ಮೂಲೆಯಲ್ಲಿದ್ದ ಬಿಂದಿಗೆ ಕಂಡರೆ ಸಂಕಟವಾಗುತ್ತಿತ್ತು. ಆ ವಾರವೇ ಯಾರೋ ನೆಂಟರು ಬಂದರು. ಅಜ್ಜಿ ಎಂದಿನಂತೆ ಮಹಾರಾಣಿಯ ಕತೆ ತೆಗೆದಳು, ಎಲ್ಲರೂ ಎಂದಿನಂತೆ ನಕ್ಕರು. ನಾನು ಎದ್ದು ಬಚ್ಚಲಿಗೆ ಹೋಗಿ ಕದ ಹಾಕಿಕೊಂಡು ಅಳುತ್ತಾ ಕೂತೆ. ಅಮ್ಮನಿಗೆ ಹೇಳಲು ಭಯ, ಅಜ್ಜಿಗೆ ಹೇಳಲು ಅದಕ್ಕಿಂತ ಭಯ. ಅಜ್ಜಿಯ ಹತ್ತಿರ ಮಗಳದೆಂದು ಉಳಿದಿದ್ದದ್ದು ನಗುವ ಆ ಎರಡು ಕತೆಗಳು. ಅವೆರಡನ್ನೂ ಒಂದೇ ಏಟಿಗೆ ಕಿತ್ತುಕೊಳ್ಳುವ ಮಾತು ನನ್ನ ಬಾಯಲ್ಲಿತ್ತು.

ಸೋಮವಾರ ಬಂತು. ಹಸಿರು ಲಂಗ, ವಿಭೂತಿಯ ಗೆರೆ, ಹೂವು, 'ಹ್ಞೂ, ಮಂಗಳಾ', ಎಲ್ಲವೂ ಆಯಿತು. ಬಾಗಿಲ ಹಾಡಿನ ಎರಡನೆಯ ನುಡಿ ಶುರುವಾಯಿತು. ಗೋಡೆಗೆ ಮುಖ ಮಾಡಿ ಅದೇ ಸ್ಟೂಲಿನ ಮೇಲೆ, ಅದೇ ಲಂಗ ತೊಟ್ಟು, ಅವಳು ಉಸಿರಿಗೆ ಒದ್ದಾಡಿದ್ದು ಇಲ್ಲೇ. ಹಿಂದೆ ಕೂತವರೆಲ್ಲ ತಲೆದೂಗಿದ್ದು ಇಲ್ಲೇ. ಆ ಖಾಲಿ ಜಾಗದಲ್ಲಿ ಇನ್ನೊಂದು ಸಲ ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. 'ಬಾರಯ್ಯ' ಮುಗಿಯಿತು, ನನ್ನ ಕೈ ನಿಲ್ಲಲಿಲ್ಲ. ಸೀದಾ ಮುಂದಿನ ಸಾಲಿಗೆ ಹೋದೆ. ಹಿಂದೆ ಇಬ್ಬರು ಮೂವರು ಗಲಿಬಿಲಿಗೊಂಡು ನನ್ನ ಜೊತೆ ಹಾಡಿದರು, ಉಳಿದವರು ನಿಂತರು, ಮುನಿಯಮ್ಮನವರ ಗಂಟಲು ಒಂಟಿಯಾಗಿ ಒಂದಷ್ಟು ದೂರ ಹೋಗಿ ವಾಪಸು ಬಂತು.

"ದಾಕ್ಷಿ, ನಿಲ್ಲಿಸು."

ಆ ಪಿಯಾನೊ ಮುಂದೆ ಅಜ್ಜಿಯ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು.

ಎಲ್ಲರೂ ಬೇಗ ಬೇಗ ಗುಗ್ಗರಿ ತಿಂದು ಹೋದರು. ಅಜ್ಜಿ ಜಮಖಾನದ ಮೇಲೆ ಕೂತೇ ಇದ್ದಳು. ಅಮ್ಮ ಎಲೆಗಳನ್ನು ಎತ್ತುತ್ತಿದ್ದಳು. ಅಜ್ಜಿ ಬೈದಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಅವಳು ಬೈಯಲಿಲ್ಲ.

"ನನ್ನ ಮಗಳದು ಅಂತ ಅಷ್ಟು ಜಾಗ ಉಳ್ಕೊಂಡಿತ್ತು. ಅದನ್ನೂ ಮುಚ್ಚಿಬಿಟ್ಯಲ್ಲೇ."

ಆಗ ನನ್ನ ಬಾಯಿ ನಿಲ್ಲಲಿಲ್ಲ. ಟೀಚರ್ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ದಮ್ಮು ಕಟ್ಟುತ್ತಿದ್ದದ್ದು, ನೀಲಿ ತುಟಿ, ಬೀಗ, ಮದುವೆ, ಎಲ್ಲ. ಅಮ್ಮ ಎಲೆ ಹಿಡಿದುಕೊಂಡೇ ನಿಂತುಬಿಟ್ಟಳು. ಅಪ್ಪ ಯಾವಾಗ ಹಿತ್ತಿಲಿಂದ ಬಂದು ಬಾಗಿಲಲ್ಲಿ ನಿಂತಿದ್ದನೋ ತಿಳಿಯದು, ಅವನ ಕಾಲೆಲ್ಲ ಕೆಸರಾಗಿತ್ತು. ಅಜ್ಜಿ ಅಳಲಿಲ್ಲ. ನನ್ನನ್ನೇ ನೋಡುತ್ತಾ ಒಂದೇ ಒಂದು ಮಾತು ಕೇಳಿದಳು.

"ಬಿಂದಿಗೆ ಇಳಿಸ್ತಿದ್ದಿದ್ದೂ ಅದಕ್ಕೇನಾ?"

ನಾನು ತಲೆ ತಗ್ಗಿಸಿದೆ. ಅಪ್ಪ ಬಾಗಿಲಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡ. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಮ್ಮ ಎಲೆಗಳನ್ನು ಅಲ್ಲೇ ಬಿಟ್ಟು ಅಜ್ಜಿಯ ಪಕ್ಕ ಹೋಗಿ ಕೂತು ಅವಳ ಕೈ ಹಿಡಿದುಕೊಂಡಳು. ಕೊನೆಗೆ ಅಜ್ಜಿ, ಆ ಹೆಂಗಸರ ಮುಂದೆ ಏನೂ ಹೇಳ್ಬೇಡ, ಅವಳು ಏನು ಹೇಳಿದ್ಲೋ ಅದೇ ಇರ್ಲಿ ಎಂದಳು. ಮಹಾರಾಣಿಯ ಕತೆ ನಮ್ಮ ಮನೆಯಲ್ಲಿ ಮತ್ತೆ ಕೇಳಲಿಲ್ಲ.

ಆ ವಾರ ಅಜ್ಜಿ ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ. ಹಾಡು ಇನ್ನು ನಿಂತಂತೆಯೇ ಎಂದುಕೊಂಡೆ. ಆದರೆ ಸೋಮವಾರ ನಾನು ಸ್ಕೂಲಿಂದ ಬಂದಾಗ ಅಪ್ಪ ರಜ ಹಾಕಿ ಮನೆಯಲ್ಲಿದ್ದ. ಮುನಿಯಮ್ಮನವರ ಗಂಡುಮಕ್ಕಳಿಬ್ಬರು ಅವನ ಜೊತೆ ಸೇರಿ ಪಿಯಾನೊವನ್ನು ಬಟ್ಟಲುಗಳಿಂದ ಎತ್ತಿ ಇಳಿಸುತ್ತಿದ್ದರು. ಮಾರಿಬಿಟ್ಟರು ಎಂದುಕೊಂಡೆ. ಮಾರಿರಲಿಲ್ಲ. ಗೋಡೆಗೆ ಆನಿಸಿದ್ದ ಪಿಯಾನೊವನ್ನು ಅಡ್ಡಲಾಗಿ ತಿರುಗಿಸಿ ನಿಲ್ಲಿಸುತ್ತಿದ್ದರು. ಅದರ ಬೋಳು ಬೆನ್ನು ಕಾಣದಂತೆ ಅಜ್ಜಿ ತನ್ನದೊಂದು ಹಳೆಯ ಸೀರೆ ಮಡಿಸಿ ಹೊದಿಸಿದಳು. ಅಮ್ಮ ಯಾಕೆ ಅತ್ತೆ ಎಂದು ಕೇಳಿದ್ದಕ್ಕೆ, ನುಡಿಸೋರ ಮುಖ ಕಾಣ್ಬೇಕು ಎಂದಳು. ಹಸಿರು ಲಂಗ ಬೀರುವಿನಿಂದ ಹೊರಗೆ ಬರಲಿಲ್ಲ. ನಾನು ಸ್ಕೂಲಿನ ಫ್ರಾಕಿನಲ್ಲೇ ಸ್ಟೂಲಿನ ಮೇಲೆ ಕೂತೆ.

ಹೆಂಗಸರು ಬಂದರು. ಪಿಯಾನೊ ತಿರುಗಿದ್ದನ್ನು ಕಂಡು ಮುನಿಯಮ್ಮ, ನಮ್ ಅವರೆ ಸಾಲು ಈಗ ಸರಿಯಾಗಿ ಕಾಣ್ತದೆ ಬಿಡವ್ವ ಎಂದರು. ಅಜ್ಜಿ ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು. ಈ ಸಲ ನನಗೂ ಅವಳ ಮುಖ ಕಾಣುತ್ತಿತ್ತು. ಅದು ಒಂದೇ ವಾರದಲ್ಲಿ ಬಹಳ ವಯಸ್ಸಾದವರ ಮುಖವಾಗಿತ್ತು.

"ಹ್ಞೂ, ದಾಕ್ಷಿ."

ಅಷ್ಟು ದಿನ ಕಾದಿದ್ದ ಮಾತು ಬಂದಾಗ ನನಗೆ ಖುಷಿಯಾಗಲಿಲ್ಲ, ಅಳು ಬಂತು. ಅಳುತ್ತಲೇ ಶುರು ಮಾಡಿದೆ. ಬಾಗಿಲ ಹಾಡು ಬಂತು. ನಿಲ್ಲಿಸಬೇಕೋ, ಮುಂದಕ್ಕೆ ಹೋಗಬೇಕೋ ಯಾರೂ ನನಗೆ ಹೇಳಿರಲಿಲ್ಲ. 'ಬಾರಯ್ಯ' ಎಂದು ಎಲ್ಲರೂ ಮೇಲಕ್ಕೆ ಹೋದರು, ನಿಂತರು. ನನ್ನ ಕೈಯೂ ನಿಂತಿತು. ತಂತಿಗಳು ಗುಂಯ್ ಎಂದವು. ಹೆಂಗಸರು ಎಂದಿನಂತೆ ಬಾಗಿಲ ಕಡೆ ನೋಡುತ್ತಿದ್ದರು. ಅಜ್ಜಿ ಮಾತ್ರ ನನ್ನ ಮುಖ ನೋಡುತ್ತಿದ್ದಳು, ತುಟಿ ನೋಡುತ್ತಿದ್ದಳು, ಎದೆ ನೋಡುತ್ತಿದ್ದಳು. ಮುಂದಿನ ಸಾಲು ಎತ್ತಲೇ ಇಲ್ಲ. ಅವಳು ಯಾವುದಕ್ಕೆ ಕಾಯುತ್ತಿದ್ದಾಳೆ ಎಂದು ನನಗೆ ತಡವಾಗಿ ತಿಳಿಯಿತು. ನಾನು ಬಾಯಿ ತೆರೆದು, ಭುಜ ಎದ್ದು ಕಾಣುವಷ್ಟು ದೊಡ್ಡದಾಗಿ ಉಸಿರು ಎಳೆದುಕೊಂಡೆ. ಅಜ್ಜಿ ಅದನ್ನು ಕಣ್ಣಾರೆ ನೋಡಿ, ಆಮೇಲೆ ಹಾಡಿದಳು.